ಬಯಲುಸೀಮೆ ಹೈನಿಗೆ ಸುಡಾನ್ ಹುಲ್ಲು ಹಾಕಬಹುದಾ? ಯಾವಾಗ ಬಿತ್ತಬೇಕು, ಎಷ್ಟು ಎತ್ತರಕ್ಕೆ ಕೊಯ್ಯಬೇಕು?

ಕಡೂರು ಬಯಲು
ಎಲ್ಲರಿಗೂ ನಮಸ್ಕಾರ. ನಮ್ಮದು ಕಡೂರು ತಾಲ್ಲೂಕು. ಮೂರು ಎಚ್‌ಎಫ್ ಜಾತಿ ಸೀಮೆಹಸು, ಒಂದು ಕಡಸು, ಒಂದು ಜೊತೆ ಎತ್ತು ಇವೆ. ಬೋರ್‌ನಲ್ಲಿ ಬರೋ ನೀರು ಅಡಿಕೆ ಗಿಡಕ್ಕೇ ಸಾಲ್ತಿಲ್ಲ. ಬದುವಿನ ಮೇಲೆ ಹಾಕಿದ್ದ ಸೀಮೆಹುಲ್ಲು ಬೇಸಿಗೆಗೆ ಒಣಗಿ ಬುಡ ಮಾತ್ರ ಉಳಿದಿದೆ. ರಾಗಿ ಹುಲ್ಲಿನ ಮೆದೆ ಮುಕ್ಕಾಲು ಖಾಲಿ. ಬೂಸಾ, ಹಿಂಡಿ ತಂದು ಹಾಕಿದ್ರೆ ಡೇರಿ ಬಿಲ್ಲು ಅಲ್ಲಿಂದಲ್ಲಿಗೇ ಸರಿಹೋಗುತ್ತೆ.

ಬೀಜದಂಗಡಿಯಲ್ಲಿ ಸುಡಾನ್ ಹುಲ್ಲು ಹಾಕಿ, ಕಮ್ಮಿ ನೀರಲ್ಲಿ ಬರುತ್ತೆ, ಕೊಯ್ದಷ್ಟೂ ಚಿಗುರುತ್ತೆ ಅಂದ್ರು. ಕೃತ್ತಿಕೆ ಮಳೆಗೆ, ಅಂದ್ರೆ ಮೇ ನಡುವಿಗೆ, ಬಿತ್ತಿ ಒಂದು ಕೊಯ್ಲು ತಗೊಂಡು, ಅದೇ ಹೊಲಕ್ಕೆ ರಾಗಿ ಬಿತ್ತಬಹುದಾ ಅನ್ನೋದು ನನ್ನ ಲೆಕ್ಕ. ಅಪ್ಪ ಸುತರಾಂ ಬೇಡ ಅಂತಾರೆ. "ಅದು ಜೋಳದ ಜಾತಿ, ಎಳೆ ಜೋಳ ತಿಂದ ದನ ಕೊಟ್ಟಿಗೆಗೆ ವಾಪಸ್ ಬರಲ್ಲ" ಅನ್ನೋದು ಅವರ ಮಾತು. ಹಾಕಿ ನೋಡಿದೋರು ಇದ್ರೆ ದಯವಿಟ್ಟು ಹೇಳಿ.

ಅರಸೀಕೆರೆ ತೆಂಗು
ಅಣ್ಣ, ನಾನು ಹಾಕ್ತೀನಿ, ಪ್ರತಿ ಮುಂಗಾರಿಗೂ. ನಿಮ್ಮ ಕಡೂರು, ನಮ್ಮ ಅರಸೀಕೆರೆ ಎರಡೂ ಒಂದೇ ಥರದ ಸೀಮೆ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಈ ಹುಲ್ಲು ಇಲ್ಲಿಗೆ ಹೊಂದುತ್ತೆ. ಮಳೆ ಹದಿನೈದು ದಿನ ಕೈಕೊಟ್ರೆ ಮುಸುಕಿನ ಜೋಳ ಸುರುಟಿ ಹೋಗುತ್ತೆ, ಇದು ಎಲೆ ಮಡಚಿಕೊಂಡು ಸುಮ್ನೆ ನಿಂತಿರುತ್ತೆ, ಮಳೆ ಬಿದ್ದ ಮೇಲೆ ಮತ್ತೆ ಏಳುತ್ತೆ. ಕಾಂಡ ಸಣ್ಣ, ಎಲೆ ಜಾಸ್ತಿ. ಹಸು ತಿಂದು ಬಿಡೋದು ಅಂತ ಏನೂ ಇರಲ್ಲ, ಗೋದಲಿ ಖಾಲಿ ಆಗುತ್ತೆ.

ಬಿತ್ತನೆಗೆ ರಾಗಿ ಕೂರಿಗೆಯೇ ಸಾಕು. ಸಾಲಿಂದ ಸಾಲಿಗೆ ಒಂದಡಿ, ಒಂದು ಇಂಚಿಗಿಂತ ಆಳಕ್ಕೆ ಬೀಜ ಹೋಗಬಾರದು. ಎಕರೆಗೆ ಹತ್ತರಿಂದ ಹನ್ನೆರಡು ಕೆಜಿ ಬೀಜ. ಭೂಮಿ ಕಾದಿರಬೇಕು, ಚಳೀಲಿ ಬಿತ್ತಿದ್ರೆ ಮೊಳಕೆ ಸರಿಯಾಗಿ ಬರಲ್ಲ. ಹಾಗಾಗಿ ಭರಣಿ, ಕೃತ್ತಿಕೆ ಮಳೆ ಒಳ್ಳೆ ಕಾಲ. ಮೊದಲ ಕೊಯ್ಲು 50–60 ದಿನಕ್ಕೆ, ಆಮೇಲೆ ತೇವ ಇದ್ರೆ 35–40 ದಿನಕ್ಕೊಂದು.

ಒಂದು ಮಾತು ಮುಖ್ಯ. ನೇಪಿಯರ್ ಹುಲ್ಲು ಕೊಯ್ದು ಅಭ್ಯಾಸ ಇರೋರು ಇದನ್ನೂ ನೆಲಮಟ್ಟಕ್ಕೆ ಸವರಿಬಿಡ್ತಾರೆ. ಹಾಗೆ ಮಾಡಿದ್ರೆ ಬುಡ ಸಾಯುತ್ತೆ. ಅರ್ಧ ಗೇಣಿನ ಆಸುಪಾಸು, ಅಂದ್ರೆ ನಾಲ್ಕರಿಂದ ಆರು ಇಂಚು ಕೂಳೆ ಬಿಡಿ. ಕುಡುಗೋಲು ಹಿಡಿದಾಗ ಬುಡದಲ್ಲಿ ಎರಡು ಗೆಣ್ಣು ಉಳಿದಿದೆಯಾ ನೋಡ್ಕೊಳ್ಳಿ. ಚಿಗುರು ಬರೋದು ಆ ಗೆಣ್ಣಿಂದ ಮತ್ತು ಬುಡದಿಂದ. ಮೂರ್ನಾಲ್ಕು ದಿನಕ್ಕೇ ಗೆಣ್ಣಿನ ಪಕ್ಕ ಹಸಿರು ಮೊಳೆ ಕಾಣಿಸುತ್ತೆ. ಕಾಣಿಸ್ಲಿಲ್ಲ ಅಂದ್ರೆ ಕೊಯ್ದಿದ್ದು ತುಂಬ ಕೆಳಗಾಯ್ತು ಅಂತ ತಿಳ್ಕೊಳ್ಳಿ.

ಬೇಲೂರು ಹೈನು
ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀರಿದ್ದೋರು ಸುಡಾನ್ ಹುಲ್ಲಿನ ಹಿಂದೆ ಬೀಳೋದು ಬೇಡ. ಕೋ-4, ಕೋ-5 ತಳಿಯ ನೇಪಿಯರ್ ಒಂದ್ಸಲ ನೆಟ್ರೆ ಐದಾರು ವರ್ಷ ಬಿತ್ತನೆ ಖರ್ಚಿಲ್ಲ, ಉಳುಮೆ ಇಲ್ಲ. ಒಂದೇ ಎಕರೆಯಲ್ಲಿ ಬರೋ ತೂಕ ನೋಡಿದ್ರೆ ಸುಡಾನ್ ಹತ್ತಿರಕ್ಕೂ ಬರಲ್ಲ. ಮೇಲಾಗಿ ಇದಕ್ಕೆ ಪ್ರತಿ ವರ್ಷ ಬೀಜ ಕೊಳ್ಳಬೇಕು, ಉಳಬೇಕು, ಬಿತ್ತಬೇಕು. ಜೋಳದ ವಿಷದ ಭಯ ಬೇರೆ. ಪ್ರಶ್ನೆ ಕೇಳಿದ ಅಣ್ಣನವರಿಗೆ ನೀರಿಲ್ಲ, ಅದು ನಿಜ. ಆದ್ರೆ ಇದನ್ನ ಓದಿ ನೀರಾವರಿ ಇರೋರೂ ಹಾಕಕ್ಕೆ ಹೊರಟುಬಿಡ್ತಾರೆ, ಅದಕ್ಕೇ ಹೇಳಿದ್ದು.

ಅರಸೀಕೆರೆ ತೆಂಗು
ಬೇಲೂರಿನವರು ಹೇಳಿದ್ದು ಸರಿ, ನೀರಿದ್ರೆ ನೇಪಿಯರ್‌ಗೆ ಎದುರಿಲ್ಲ. ನನ್ನ ತೋಟದ ಬುಡದಲ್ಲೂ ಅದೇ ಇರೋದು. ಆದ್ರೆ ಮಳೆ ನಂಬಿರೋ ಹೊಲಕ್ಕೆ ನೇಪಿಯರ್ ಹಾಕಿದ್ರೆ ವರ್ಷದಲ್ಲಿ ಆರು ತಿಂಗಳು ಜಾಗ ಕಟ್ಟಿಹಾಕಿದ ಹಾಗೆ. ಸುಡಾನ್ ವಾರ್ಷಿಕ ಬೆಳೆ, ಕೆಲಸ ಮುಗಿಸಿ ಹೊಲ ಬಿಟ್ಟುಕೊಡುತ್ತೆ. ಇನ್ನೊಂದು, ಒಣಗಿಸಿ ಇಡೋಕೆ ನೇಪಿಯರ್ ಆಗಲ್ಲ, ದಪ್ಪ ಕಡ್ಡಿಯಲ್ಲಿ ನೀರು ನಿಂತು ಬೂಷ್ಟು ಹಿಡಿಯುತ್ತೆ. ಸುಡಾನ್‌ದು ಕಡ್ಡಿ ಸಣ್ಣ, ತೆನೆ ಹೊರಡೋ ಮುಂಚೆ ಕೊಯ್ದು ಬಿಸಿಲಿಗೆ ಹರಡಿದ್ರೆ ಒಳ್ಳೆ ಒಣ ಹುಲ್ಲಾಗುತ್ತೆ.

ಪಶುವೈದ್ಯೆ, ಹಾಸನ
ವಿಷದ ಪ್ರಶ್ನೆ ಬಂದಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಡೂರಿನವರ ತಂದೆ ಹೇಳಿದ್ದರಲ್ಲಿ ಸತ್ಯವಿದೆ. ಆ ಭಯವನ್ನು ಯಾರೂ ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ.

ಜೋಳ, ಸುಡಾನ್ ಹುಲ್ಲು, ಇವೆರಡರ ಮಿಶ್ರತಳಿ, ಈ ಎಲ್ಲದರ ಎಲೆಯಲ್ಲೂ ಧುರಿನ್ ಎಂಬ ವಸ್ತು ಇರುತ್ತದೆ. ಎಲೆ ಚೆನ್ನಾಗಿರುವವರೆಗೆ ಅದರಿಂದ ತೊಂದರೆಯಿಲ್ಲ. ಹಸು ಅಗಿದಾಗ, ತುಳಿದಾಗ, ಎಲೆ ಬಾಡಿದಾಗ ಜೀವಕೋಶ ಒಡೆದು ಬೇರೆ ಜಾಗದಲ್ಲಿದ್ದ ಕಿಣ್ವ ಧುರಿನ್‌ಗೆ ತಾಗುತ್ತದೆ, ಆಗ ಹೈಡ್ರೋಸಯಾನಿಕ್ ಆಮ್ಲ, ಅಂದರೆ ಸಯನೈಡ್ ವಿಷ, ಬಿಡುಗಡೆಯಾಗುತ್ತದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನೀರು, ಸೂಕ್ಷ್ಮಜೀವಿ ಎರಡೂ ಇರುವುದರಿಂದ ಅದು ಇನ್ನೂ ಬೇಗ ಆಗುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ದೇಹದ ಜೀವಕೋಶಗಳು ಅದನ್ನು ಬಳಸಲಾಗದ ಸ್ಥಿತಿ ಬರುತ್ತದೆ. ಆದ್ದರಿಂದಲೇ ಇಂಥ ಹಸುವಿನ ರಕ್ತ ಅಚ್ಚ ಕೆಂಪಾಗಿ ಹೊಳೆಯುತ್ತದೆ. ಜೋರಾಗಿ ಏದುಸಿರು, ಜೊಲ್ಲು, ತೂರಾಟ, ಆಮೇಲೆ ಬೀಳುವುದು. ಹೆಚ್ಚು ವಿಷ ಹೋಗಿದ್ದರೆ ಅರ್ಧ ಗಂಟೆ, ಒಂದು ಗಂಟೆಯೊಳಗೇ ಎಲ್ಲ ಮುಗಿಯಬಹುದು.

ಈಗ ಮುಖ್ಯ ಮಾತು. ಈ ವಿಷ ಎಲ್ಲ ಹಂತದಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಎಳೆ ಸಸಿಯಲ್ಲಿ, ಕೊಯ್ದ ನಂತರ ಬರುವ ಮೊದಲ ಚಿಗುರಿನಲ್ಲಿ, ಮಳೆಯಿಲ್ಲದೆ ಕುಗ್ಗಿ ನಿಂತ ಗಿಡದಲ್ಲಿ, ಬರದ ನಂತರ ಮಳೆ ಬಿದ್ದು ಒಮ್ಮೆಲೇ ಹೊಡೆದ ಸುಳಿಯಲ್ಲಿ ಹೆಚ್ಚು. ಯೂರಿಯಾ ಹೆಚ್ಚಾದರೂ ಏರುತ್ತದೆ. ಗಿಡ ಬಲಿತಂತೆ ಇಳಿಯುತ್ತದೆ. ಶುದ್ಧ ಸುಡಾನ್ ಹುಲ್ಲು ಎರಡು ಅಡಿ ದಾಟುವವರೆಗೆ ಕೊಯ್ಯಬೇಡಿ. ಅಂಗಡಿಯಲ್ಲಿ ಸುಡಾನ್ ಎಂದು ಸಿಗುವುದು ಹಲವು ಸಲ ಜೋಳ ಮತ್ತು ಸುಡಾನಿನ ಮಿಶ್ರತಳಿ. ಅದಾದರೆ ಎರಡೂವರೆಯಿಂದ ಮೂರು ಅಡಿ ಆಗಲಿ. ಎತ್ತರ ಬಂದಿದ್ದರೂ ಬರದಲ್ಲಿ ಬಾಡಿ ನಿಂತಿದ್ದರೆ ಮುಟ್ಟಬೇಡಿ. ಮಳೆ ಬಂದು ಕನಿಷ್ಠ ಎರಡು ವಾರ ಕಳೆದು, ಹೊಸ ಚಿಗುರೂ ಮೇಲೆ ಹೇಳಿದ ಎತ್ತರಕ್ಕೆ ಬರಲಿ.

ಹಸಿದ ಹಸುವಿಗೆ ಒಮ್ಮೆಲೇ ಹೊರೆ ಹಾಕುವುದೂ ಅಪಾಯ. ಮೊದಲು ಒಣ ರಾಗಿ ಹುಲ್ಲು ತಿನ್ನಿಸಿ, ಆಮೇಲೆ ಇದನ್ನು ಕೊಡಿ. ಚೆನ್ನಾಗಿ ಒಣಗಿಸಿದರೆ ಅಥವಾ ರಸಮೇವು (ಗಾಳಿಯಾಡದಂತೆ ಮುಚ್ಚಿ ಹುದುಗಿಸಿದ ಹಸಿ ಮೇವು, ಸೈಲೇಜ್) ಮಾಡಿದರೆ ಈ ಆಮ್ಲ ಬಹುಪಾಲು ಹೋಗುತ್ತದೆ.

ಹಸು ಬಿದ್ದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ಹುಲ್ಲನ್ನು ತಕ್ಷಣ ದೂರ ಮಾಡಿ, ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, "ಜೋಳದ ಜಾತಿ ಮೇವು ತಿಂದಿದೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ರಕ್ತನಾಳಕ್ಕೆ ಕೊಟ್ಟರೆ ಉಳಿಯುವ ಅವಕಾಶವಿದೆ. ವೈದ್ಯರು ಅದನ್ನು ಜೊತೆಗೆ ತರಬೇಕಾದರೆ ಕಾರಣ ಅವರಿಗೆ ಮೊದಲೇ ಗೊತ್ತಿರಬೇಕು.

ಕುರಿಹಟ್ಟಿ, ಅಜ್ಜಂಪುರ
ಮೇಡಂ ಹೇಳಿದ್ದನ್ನ ಕಣ್ಣಾರೆ ಕಂಡಿದೀನಿ. ನಮ್ಮ ಕಡೆ ಎರೆ ಹೊಲ, ಜೋಳ ಕೊಯ್ದ ಮೇಲೆ ಕೂಳೆ ಹಾಗೇ ಬಿಟ್ಟಿರ್ತಾರೆ. ಬೇಸಿಗೆಯಲ್ಲಿ ಒಂದು ಅಡ್ಡಮಳೆ ಬಿತ್ತು ಅಂದ್ರೆ ಕೂಳೆ ಬುಡದಲ್ಲಿ ಬೆರಳುದ್ದ ಸುಳಿ ಏಳುತ್ತೆ. ಸುತ್ತಮುತ್ತ ಎಲ್ಲೂ ಹಸಿರಿಲ್ಲ, ಕುರಿ ಅಲ್ಲಿಗೇ ನುಗ್ಗುತ್ತೆ. ನಮ್ಮ ಹಟ್ಟಿಯ ಒಬ್ಬರ ಮಂದೆಯಲ್ಲಿ ಮುಂದೆ ಓಡಿದ ಕುರಿಗಳೇ ಮೊದಲು ಬಿದ್ದವು. ಹಿಂದೆ ಬಂದವು ಉಳಿದುಕೊಂಡವು, ಅವು ತಿಂದಿದ್ದು ಕಮ್ಮಿ.

ಸುಡಾನ್ ಹುಲ್ಲು ಹಾಕೋರು ದಯವಿಟ್ಟು ಬೇಲಿ ಹಾಕಿ. ನಿಮ್ಮ ಹಸುವಿಗೆ ನೀವು ಅಳತೆ ನೋಡಿ ಕೊಯ್ದು ಹಾಕ್ತೀರಿ ಸರಿ, ಪಕ್ಕದೋರ ಕುರಿಗೆ ಅಳತೆ ಗೊತ್ತಾಗಲ್ಲ. ಕೊನೇ ಕೊಯ್ಲು ಆದ ಮೇಲೆ ಕೂಳೆ ಹಾಗೇ ಬಿಡಬೇಡಿ, ಉತ್ತುಬಿಡಿ. ಇದನ್ನ ನಾನು ಕೈಮುಗಿದು ಕೇಳ್ತೀನಿ.

ಕಡೂರು ಬಯಲು
ಮೇಡಂಗೆ ತುಂಬ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ. "ನಾನೂ ಅದನ್ನೇ ಅಲ್ವಾ ಹೇಳಿದ್ದು" ಅಂದ್ರು, ಆದ್ರೆ ಎರಡಡಿ ಮಾತಿಗೆ ತಲೆ ಆಡಿಸಿದ್ರು. ಬೇಲಿ ವಿಷಯವೂ ಒಪ್ಪಿದೆ ಅಣ್ಣ. ಎರಡು ಪ್ರಶ್ನೆ ಉಳಿದಿದೆ. ಯಾವ ತಳಿ ಕೇಳಿ ತಗೋಬೇಕು? ರಾಗಿ ವಿಷಯ ಯಾರೂ ಹೇಳಲಿಲ್ಲ.

ಬೀಜ ಆಸಕ್ತ
ತಳಿ ವಿಷಯಕ್ಕೆ ನಾನು ಬರ್ತೀನಿ. ಸುಡಾನ್ ಹುಲ್ಲಿನ ಬೀಜ ಹೊರದೇಶಗಳಿಗೆ ಹೋಗಿದ್ದು ಸುಡಾನಿನ ಖಾರ್ಟೂಮ್‌ನಿಂದ. 1909ರಲ್ಲಿ ಅಲ್ಲಿಂದ ಅಮೆರಿಕಕ್ಕೆ ಸ್ವಲ್ಪವೇ ಸ್ವಲ್ಪ ಬೀಜ ಹೋಯಿತು, ಕೆಲವೇ ವರ್ಷದಲ್ಲಿ ಅಲ್ಲಿನ ಒಣಪ್ರದೇಶದ ದೊಡ್ಡ ಮೇವಾಯಿತು. ವಿಷ ಕಡಿಮೆ ಇರೋ ತಳಿ ಬೇಕು ಅಂತ ಅಲ್ಲಿ ಆರಿಸಿ ಬೆಳೆಸಿದ್ದು ಪೈಪರ್.

ನಮ್ಮಲ್ಲಿ ಹೆಚ್ಚು ಕೇಳಿಬರೋದು ಎಸ್‌ಎಸ್‌ಜಿ 59-3. ಹರಿಯಾಣದ ಹಿಸ್ಸಾರ್ ಕೃಷಿ ವಿಶ್ವವಿದ್ಯಾಲಯದ್ದು, ಅಲ್ಲಿನವರು ಮೀಠಿ ಸುಡಾನ್ ಅಂತಾರೆ. ಕಾಂಡ ಸಿಹಿ, ಹಲವು ಕೊಯ್ಲು. ಇನ್ನೊಂದು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಕೋ ಎಫ್‌ಎಸ್-29. ಅದು ಜೋಳಕ್ಕೂ ಸುಡಾನ್ ಹುಲ್ಲಿಗೂ ಅಡ್ಡಹಾಯಿಸಿದ್ದು. ನೀರು ಕೊಟ್ರೆ ವರ್ಷದಲ್ಲಿ ಹಲವು ಕೊಯ್ಲು ಬರುತ್ತೆ, ಮೊದಲನೇದು 65 ದಿನಕ್ಕೆ. ಬೀಜ ತುಂಬ ಸಣ್ಣ, ಅದಕ್ಕೆ ಮೇಲೆ ಹೇಳಿದ ಹತ್ತು ಕೆಜಿ ಲೆಕ್ಕ ಬೇಡ, ಚೀಲದ ಮೇಲಿನ ಪ್ರಮಾಣ ನೋಡಿ.

ಖಾಸಗಿ ಹೈಬ್ರಿಡ್ ಆದ್ರೆ ಬೀಜ ಎತ್ತಿಡೋಕೆ ಹೋಗಬೇಡಿ, ಮುಂದಿನ ವರ್ಷ ಒಂದೊಂದು ಗಿಡ ಒಂದೊಂದು ಥರ ಬರುತ್ತೆ. ಎಸ್‌ಎಸ್‌ಜಿ ಎತ್ತಿಡಬಹುದು, ಆದ್ರೆ ಅಕ್ಕಪಕ್ಕ ಜೋಳದ ಹೊಲ ಇದ್ರೆ ಪರಾಗ ಬೆರೆಯುತ್ತೆ. ಬಿಡಿ ಬೀಜ ಎಲ್ಲೆಂದರಲ್ಲಿ ಕೊಳ್ಳಬೇಡಿ. ಜಾನ್ಸನ್ ಹುಲ್ಲಿನ ಬೀಜ ನೋಡೋಕೆ ಇದರ ಹಾಗೇ ಇರುತ್ತೆ. ಅದು ನೆಲದೊಳಗೆ ಬೇರುಗಡ್ಡೆ ಬಿಡುವ ಬಹುವಾರ್ಷಿಕ ಕಳೆ, ಹೊಲಕ್ಕೆ ಬಂದ್ರೆ ಗರಿಕೆಗಿಂತ ಕಷ್ಟ. ಪ್ರಮಾಣೀಕೃತ ಚೀಲವನ್ನೇ ಕೇಳಿ. ಡೇರಿ ಕಾರ್ಯದರ್ಶಿಯನ್ನ ಮುಂಚೆಯೇ ಕೇಳಿಡಿ, ಹಾಲು ಒಕ್ಕೂಟದಿಂದ ಮೇವಿನ ಬೀಜ ಬರೋ ಕಾಲ ಅವರಿಗೆ ಗೊತ್ತಿರುತ್ತೆ. ಹಾಸನದವರಿಗೆ ಕಂದಲಿ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಮಗಳೂರಿನವರಿಗೆ ಮೂಡಿಗೆರೆ ಕೇಂದ್ರ.

ಈಗ ರಾಗಿ. ನನ್ನ ಅಭಿಪ್ರಾಯದಲ್ಲಿ ಅದೇ ಹೊಲಕ್ಕೆ ಬೇಡ. ಕೃತ್ತಿಕೆಗೆ ಬಿತ್ತಿದ್ರೆ ಕೊಯ್ಲು ಆರಿದ್ರ ಮಳೆ, ಅಂದ್ರೆ ಜುಲೈ ಮೊದಲ ವಾರ, ದಾಟುತ್ತೆ. ಜುಲೈನಲ್ಲಿ ಉತ್ತು ರಾಗಿ ಬಿತ್ತೋಕೆ ಕಾಲ ಇದೆ ಅಂತ ಕಾಣಿಸುತ್ತೆ ನಿಜ. ಆದ್ರೆ ಜೋಳದ ಜಾತಿಯ ಬೇರಿಂದ ಸೋರುವ ವಸ್ತು ಮುಂದಿನ ಬೆಳೆಯ ಎಳೆ ಸಸಿಯನ್ನ ತಡೆಯುತ್ತೆ. ಕೂಳೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೂ ಎಳೆದುಕೊಳ್ಳುತ್ತೆ, ರಾಗಿ ಹಳದಿ ತಿರುಗುತ್ತೆ. ಹೊಲದ ತೇವವನ್ನೂ ಅದು ಆಗಲೇ ಕುಡಿದಿರುತ್ತೆ. ಸುಡಾನ್ ಹಾಕಿದ ತುಂಡಿಗೆ ಹಿಂಗಾರಲ್ಲಿ ಹುರುಳಿ ಹಾಕಿ. ರಾಗಿ ಹೊಲ ರಾಗಿಗೇ ಇರಲಿ, ವರ್ಷದ ಊಟ ಮತ್ತು ವರ್ಷದ ಒಣ ಹುಲ್ಲು ಎರಡೂ ಅದರಿಂದಲೇ ತಾನೇ.

ಆಲೂಗೆಡ್ಡೆ ಹೊಲ, ಹಾಸನ
ನಮ್ಮ ಕಡೆ ಮುಂಗಾರು ಆಲೂಗೆಡ್ಡೆ ಕಿತ್ತ ಮೇಲೆ ಹೊಲ ಖಾಲಿ ಇರುತ್ತೆ. ಮಖೆ, ಹುಬ್ಬೆ ಮಳೆಗೆ (ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲು) ಸುಡಾನ್ ಚೆಲ್ಲಿದ್ರೆ ಆಲೂಗೆಡ್ಡೆಗೆ ಹಾಕಿದ ಗೊಬ್ಬರದಲ್ಲೇ ಕಪ್ಪಗೆ ಹಸಿರಾಗಿ ಬೆಳೆಯುತ್ತೆ. ಒಂದು ರೂಪಾಯಿ ಗೊಬ್ಬರ ಹಾಕದೆ ಒಳ್ಳೆ ಕೊಯ್ಲು. ಇದನ್ನ ಯಾಕೆ ಯಾರೂ ಹೇಳ್ತಿಲ್ಲ?

ಪಶುವೈದ್ಯೆ, ಹಾಸನ
ಹಾಕಬಹುದು, ಆದರೆ ಆ ಕಪ್ಪು ಹಸಿರೇ ನನಗೆ ಚಿಂತೆ ತರುವ ವಿಷಯ. ಆಲೂಗೆಡ್ಡೆಗೆ ಸುರಿದ ಸಾರಜನಕ ಮಣ್ಣಿನಲ್ಲಿ ಉಳಿದಿದ್ದರೆ ಹುಲ್ಲು ಅದನ್ನು ನೈಟ್ರೇಟ್ ರೂಪದಲ್ಲಿ ಕಾಂಡದ ಬುಡದಲ್ಲಿ ತುಂಬಿಕೊಳ್ಳುತ್ತದೆ. ಮೋಡ ಮುಚ್ಚಿದ ದಿನಗಳಲ್ಲಿ, ಬರದ ನಂತರದ ಮಳೆಯಲ್ಲಿ ಇನ್ನೂ ಹೆಚ್ಚು. ಇದು ಮೇಲೆ ಹೇಳಿದ ವಿಷಕ್ಕಿಂತ ಬೇರೆಯದು. ಇಲ್ಲಿ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ವಸಡು ನೀಲಿಗಟ್ಟುತ್ತದೆ. ಮದ್ದೂ ಬೇರೆ, ಮಿಥಿಲೀನ್ ಬ್ಲೂ. ಸಯನೈಡ್‌ಗೆ ಕೊಡುವ ನೈಟ್ರೈಟ್ ಚುಚ್ಚುಮದ್ದನ್ನು ಇದಕ್ಕೆ ಕೊಟ್ಟರೆ ಹಸು ಕೈತಪ್ಪುತ್ತದೆ. ಹಾಗಾಗಿ ಯಾರೋ ತಿಳಿದವರು ಎಂದು ಸೂಜಿ ಚುಚ್ಚಿಸಬೇಡಿ.

ಇನ್ನೊಂದು ವ್ಯತ್ಯಾಸ ನೆನಪಿಡಿ. ಒಣಗಿಸಿದರೆ ಸಯನೈಡ್ ಹೋಗುತ್ತದೆ, ನೈಟ್ರೇಟ್ ಹೋಗುವುದಿಲ್ಲ. ರಸಮೇವು ಮಾಡಿದರೆ ಸುಮಾರು ಅರ್ಧದಷ್ಟು ಇಳಿಯುತ್ತದೆ. ಆಲೂಗೆಡ್ಡೆ ಹೊಲದಲ್ಲಿ ಹಾಕುವುದಾದರೆ ಮೇಲೆ ಯೂರಿಯಾ ಕೊಡಬೇಡಿ, ಕೂಳೆ ಆರು ಇಂಚಿನ ಬದಲು ಒಂದಡಿ ಬಿಡಿ, ಏಕೆಂದರೆ ಬುಡದ ಕಾಂಡದಲ್ಲೇ ಹೆಚ್ಚು ಇರುವುದು. ರಾಗಿ ಹುಲ್ಲಿನ ಜೊತೆ ಅರ್ಧಕ್ಕರ್ಧ ಬೆರೆಸಿ ಕೊಡಿ. ಗಬ್ಬದ ಹಸುವಿಗೆ ವಿಶೇಷ ಎಚ್ಚರ, ಕಂದು ಹಾಕುವ ಸಂಭವವಿದೆ.

ಸಕಲೇಶಪುರ ತೋಟ
ನಮ್ಮ ಕಡೆಗೆ ಇದು ಆಗುತ್ತಾ? ಗದ್ದೆ ಖಾಲಿ ಇದೆ.

ಬೀಜ ಆಸಕ್ತ
ಮಳೆಗಾಲದಲ್ಲಿ ಬೇಡ ಸಾರ್. ನೀರು ನಿಂತ್ರೆ ಬೇರು ಕೊಳೆಯುತ್ತೆ, ಮೋಡದಲ್ಲಿ ಎಲೆಚುಕ್ಕೆ ಹಿಡಿಯುತ್ತೆ, ಒಣಗಿಸೋಕೆ ಬಿಸಿಲೂ ಇಲ್ಲ. ಗದ್ದೆ ಅಂಚಿಗೆ ಪ್ಯಾರಾ ಹುಲ್ಲು, ನೆರಳಿಗೆ ಗಿನಿ ಹುಲ್ಲು ನೋಡಿ.

ಚನ್ನರಾಯಪಟ್ಟಣ ಅಕ್ಕ
ಎಲ್ಲರೂ ಬಿತ್ತನೆ, ವಿಷ ಅಂತ ಮಾತಾಡಿದ್ರಿ, ದಿನಾ ಕೊಯ್ದು ತರೋರ ಕಡೆಯಿಂದ ನಾನು ಹೇಳ್ತೀನಿ. ಇಡೀ ಹೊಲ ಒಂದೇ ದಿನ ಬಿತ್ತಬೇಡಿ. ಬಿತ್ತಿದ್ರೆ ಎಲ್ಲ ಒಟ್ಟಿಗೆ ಕೊಯ್ಲಿಗೆ ಬರುತ್ತೆ. ನಾವು ದಿನಕ್ಕೆ ಎರಡು ಹೊರೆ ಕೊಯ್ಯೋದು. ಈ ತುದಿಯಿಂದ ಶುರು ಮಾಡಿ ಆ ತುದಿಗೆ ಹೋಗೋ ಹೊತ್ತಿಗೆ ಅಲ್ಲಿ ತೆನೆ ಬಂದು ಕಡ್ಡಿ ಗಟ್ಟಿಯಾಗಿರುತ್ತೆ. ಆಗ ಸಾರವೂ ಇರಲ್ಲ, ಹಸು ಎಲೆ ಎಳ್ಕೊಂಡು ಕಡ್ಡಿ ಬಿಡುತ್ತೆ. ಹೊಲವನ್ನ ನಾಲ್ಕು ಪಟ್ಟೆ ಮಾಡಿ, ವಾರ ಹತ್ತು ದಿನ ಬಿಟ್ಟು ಬಿಟ್ಟು ಬಿತ್ತಿ. ನಾಲ್ಕನೇ ಪಟ್ಟೆ ಮುಗಿಯೋ ಹೊತ್ತಿಗೆ ಮೊದಲನೇದು ಮತ್ತೆ ಸೊಂಟದ ಹತ್ತಿರ ಬಂದಿರುತ್ತೆ.

ಹಸು ಒಂದಕ್ಕೆ ದಿನಕ್ಕೆ 25 ಕೆಜಿ ಹಸಿ ಅಂತ ಇಟ್ಕೊಂಡ್ರೂ ಮೂರು ಹಸುವಿಗೆ 75 ಕೆಜಿ. ತಲೆ ಮೇಲೆ ಹೊರೋದಾದ್ರೆ ಮನೆ ಹತ್ತಿರದ ತುಂಡನ್ನೇ ಇದಕ್ಕೆ ಕೊಡಿ. ದೂರದ ಹೊಲ ರಾಗಿಗೆ ಇರಲಿ. ಗಂಡಸರು ಬಿತ್ತೋವಾಗ ಈ ಲೆಕ್ಕ ಹಾಕಬೇಕು.

ಮೊದಲ ಕೊಯ್ಲಿಗೆ ಅಲಸಂದೆ ಬೆರೆಸಿ, ಎರಡು ಸಾಲು ಹುಲ್ಲು, ಒಂದು ಸಾಲು ಅಲಸಂದೆ. ಸುಡಾನ್ ಹೊಡೆ ತುಂಬೋ ಹೊತ್ತಿಗೆ ಅದರ ಒಣ ತೂಕದಲ್ಲಿ ಪ್ರೋಟೀನು ನೂರಕ್ಕೆ ಹತ್ತರ ಆಸುಪಾಸು, ಅಲಸಂದೆ ಸೇರಿದ್ರೆ ಹಿಂಡಿ ಸ್ವಲ್ಪ ಕಮ್ಮಿ ಮಾಡಬಹುದು. ಅಲಸಂದೆ ಎರಡನೇ ಸಲ ಚಿಗುರಲ್ಲ, ಅದು ಒಂದೇ ಕೊಯ್ಲಿಗೆ. ಹಸಿ ಹುಲ್ಲೇ ಜಾಸ್ತಿ ಹಾಕಿದ್ರೆ ಸಗಣಿ ತೆಳ್ಳಗಾಗಿ ಡೇರಿಯಲ್ಲಿ ಫ್ಯಾಟ್ ಇಳಿಯುತ್ತೆ, ಒಣ ಹುಲ್ಲು ಜೊತೆಗೆ ಇರಲೇಬೇಕು. ಖನಿಜ ಮಿಶ್ರಣ ತಪ್ಪಿಸಬೇಡಿ.

ಪಶುವೈದ್ಯೆ, ಹಾಸನ
ಅಕ್ಕ ಹೇಳಿದ ಖನಿಜ ಮಿಶ್ರಣಕ್ಕೆ ಇನ್ನೊಂದು ಕಾರಣವೂ ಇದೆ. ಸಣ್ಣ ಪ್ರಮಾಣದ ಸಯನೈಡನ್ನು ದೇಹ ಗಂಧಕ ಬಳಸಿ ನಿರಪಾಯ ಮಾಡಿಕೊಳ್ಳುತ್ತದೆ. ಜೋಳದ ಜಾತಿ ಮೇವಿನಲ್ಲಿ ಗಂಧಕವೇ ಕಡಿಮೆ. ಗಂಧಕ ಇರುವ ಮಿಶ್ರಣ ಕೇಳಿ ತೆಗೆದುಕೊಳ್ಳಿ. ಯಾರ ಮನೆಯಲ್ಲಾದರೂ ಕುದುರೆ ಇದ್ದರೆ ಈ ಹುಲ್ಲು ಕೊಡಬೇಡಿ, ಮೂತ್ರಕೋಶದ ತೊಂದರೆ ಬರುತ್ತದೆ.

ಅರಸೀಕೆರೆ ತೆಂಗು
ಹುಳದ ವಿಷಯ ಬಿಟ್ಟೋಯ್ತು. ಬಿತ್ತಿದ ಮೊದಲ ತಿಂಗಳು ಸುಳಿ ನೊಣ ಹಿಡಿದು ನಡುಸುಳಿ ಒಣಗುತ್ತೆ, ಎಳೆದ್ರೆ ಕೈಗೇ ಬರುತ್ತೆ. ಮುಂಗಾರು ತಡವಾಗಿ ಬಿತ್ತಿದೋರಿಗೆ ಜಾಸ್ತಿ. 2018ರಲ್ಲಿ ನಮ್ಮ ರಾಜ್ಯಕ್ಕೆ ಬಂದ ಫಾಲ್ ಸೈನಿಕ ಹುಳು ಮುಸುಕಿನ ಜೋಳದ ಜೊತೆ ಇದಕ್ಕೂ ಬರುತ್ತೆ. ಔಷಧಿ ಹೊಡೆದ್ರೆ ಹಾಲಿಗೆ ಬರುತ್ತೆ ಅನ್ನೋದು ಮರೀಬೇಡಿ. ಎತ್ತರ ಆಗಿದ್ರೆ ಕೊಯ್ದುಬಿಡೋದೇ ಒಳ್ಳೇದು, ಮರುಚಿಗುರು ಚೆನ್ನಾಗಿ ಬರುತ್ತೆ.

ಬೇಲೂರು ಹೈನು
ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ಒಪ್ಕೋತೀನಿ, ಮಳೆ ಹೊಲಕ್ಕೆ ಇದಕ್ಕೆ ಜಾಗ ಇದೆ. ಆದ್ರೆ ಕೆಲಸಕ್ಕೆ ಬೇರೆಯವರನ್ನ ಇಟ್ಕೊಂಡು ಹಸು ಸಾಕೋರು ಹಾಕಬೇಡಿ. ಎತ್ತರ ನೋಡಿ ಕೊಯ್ಯೋದು ಯಜಮಾನ ಅಥವಾ ಮನೆಯೋರೇ ಆಗಿರಬೇಕು.

ಕಡೂರು ಬಯಲು
ಸರಿ, ಹೀಗೆ ತೀರ್ಮಾನ ಮಾಡಿದೀವಿ. ಮನೆ ಹಿಂದಿನ 20 ಗುಂಟೆ ಮಾತ್ರ. ನಾಲ್ಕು ಪಟ್ಟೆ, ಸುತ್ತ ಮುಳ್ಳುಬೇಲಿ. ಎಸ್‌ಎಸ್‌ಜಿ ಬೀಜ, ಅಲಸಂದೆ ಜೊತೆ. ರಾಗಿ ಹೊಲ ಮುಟ್ಟಲ್ಲ. ಅಪ್ಪ ಬೇಲಿಗೆ ಒಂದು ಗಳ ನೆಟ್ಟು ಮೂರಡಿಗೆ ಗುರುತು ಹಾಕ್ತೀನಿ, ಅದಕ್ಕಿಂತ ಕೆಳಗಿದ್ರೆ ಕುಡುಗೋಲು ಎತ್ತಬಾರದು ಅಂದಿದಾರೆ. ಕೊನೇ ಪ್ರಶ್ನೆ ಮೇಡಂ. ಸಂಜೆ ಕೊಯ್ದು ತಂದು ಗುಡ್ಡೆ ಹಾಕಿ ಬೆಳಿಗ್ಗೆ ಹಾಲು ಕರೆಯೋವಾಗ ಹಾಕಬಹುದಾ?

ಪಶುವೈದ್ಯೆ, ಹಾಸನ
ಗುಡ್ಡೆ ಹಾಕಬೇಡಿ. ಹಸಿ ಹುಲ್ಲು ರಾಶಿಯಲ್ಲಿ ಬಿಸಿಯೇರಿದರೆ ಅದರಲ್ಲಿರುವ ನೈಟ್ರೇಟ್ ನೈಟ್ರೈಟ್ ಆಗುತ್ತದೆ, ಅದು ಎಷ್ಟೋ ಪಟ್ಟು ಹೆಚ್ಚು ವಿಷ. ಬೆಳಿಗ್ಗೆಗೆ ಬೇಕೇ ಬೇಕು ಅಂದರೆ ನೆರಳಲ್ಲಿ ತೆಳ್ಳಗೆ ಹರಡಿ. ಒಳಗೆ ಕೈ ಹಾಕಿ ನೋಡಿ, ಬೆಚ್ಚಗಿದ್ದರೆ ಆ ಹುಲ್ಲನ್ನು ತಿಪ್ಪೆಗೆ ಹಾಕಿ.

ಕಡೂರು ಬಯಲು
ಆಯ್ತು ಮೇಡಂ, ಹರಡಿಯೇ ಇಡ್ತೀವಿ. ಮೊದಲ ಕೊಯ್ಲು ಆದ ಮೇಲೆ ಇಲ್ಲೇ ಬರೀತೀನಿ.